ಹಾಜರಿ ಪುಸ್ತಕದ ಹಿಂಬದಿ

ನವೆಂಬರ್ ತಿಂಗಳ ಮೂರನೆಯ ಶನಿವಾರ. ಮಧ್ಯಾಹ್ನ ಎರಡೂವರೆ. ಸ್ಥಳ, ಚಿಕ್ಕೋಡಿಯಲ್ಲಿ ನನ್ನ ಮನೆಯ ಮುಂದಿನ ಖೋಲಿ. ಹಾಜರಿದ್ದವರು ಐದು ಜನ: ಅಥಣಿಯ ಹಿರಿಯ ಮಾಸ್ತರರು, ರಾಯಬಾಗದ ಬಾಯಿಯವರು (ಶಿಕ್ಷಕಿಗೆ ನಮ್ಮ ಕಡೆಯ ಮಾತು), ಕಾಗವಾಡ ತಾಲ್ಲೂಕಿನ ಶೇಡಬಾಳದಿಂದ ಬರುವ ಸರ್, ನಿಪ್ಪಾಣಿ ಕಡೆಯ ಗಡಿಯೂರೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿ, ಮತ್ತು ನಾನು. ಗೈರುಹಾಜರಿ ಯಾರದೂ ಇಲ್ಲ. ಹಾಜರಿ ಪುಸ್ತಕ ಮಾತ್ರ ಇರಲಿಲ್ಲ.

ಹೀಗೆ ಬರೆಯುವುದು ನನ್ನ ರೂಢಿ. ಮೂವತ್ತಾರು ವರ್ಷ ಸರಕಾರಿ ಸಾಲಿಗಳಲ್ಲಿ ಕನ್ನಡ ಕಲಿಸಿದೆ. ಒಂದು ದಿನವೂ ಗಂಟೆ ಬಾರಿಸಿದ ಮೇಲೆ ಒಳಗೆ ಹೋದವಳಲ್ಲ. ನಿವೃತ್ತಿಯಾದ ಮೇಲೆ ಈ ಗುಂಪು ಕಟ್ಟಿದೆ. ಐದು ತಾಲ್ಲೂಕಿನ ಭಾಷಾ ಶಿಕ್ಷಕರು ತಿಂಗಳಿಗೊಂದು ಶನಿವಾರ, ಮುಂಜಾನೆಯ ಸಾಲಿ ಬಿಟ್ಟ ಮೇಲೆ, ಮೂರು ತಾಸು ಕೂಡುತ್ತೇವೆ. ಇಲ್ಲಿ ಯಾರೂ ಯಾರಿಗೂ ಪಾಠ ಹೇಳುವುದಿಲ್ಲ. ಆ ತಿಂಗಳು ತನ್ನ ತರಗತಿಯಲ್ಲಿ ತಾನು ಎಡವಿದ ಒಂದು ಪ್ರಸಂಗವನ್ನು ಒಬ್ಬೊಬ್ಬರೂ ಹತ್ತು ನಿಮಿಷ ಹೇಳಬೇಕು. ಉಳಿದವರು ಪ್ರಶ್ನೆ ಕೇಳಬಹುದು, ಅಷ್ಟೆ. ಸಲಹೆ ಕೊಡುವಂತಿಲ್ಲ, ಸಮಾಧಾನ ಹೇಳುವಂತಿಲ್ಲ. ಪ್ರಶ್ನೆಗೆ ಉತ್ತರ ಹುಡುಕುತ್ತ ಹುಡುಕುತ್ತ ಹೇಳಿದವರಿಗೇ ಅವರ ದಾರಿ ಕಾಣಬೇಕು. ಕೊನೆಯ ನಿಯಮ, ಇಲ್ಲಿ ಆಡಿದ ಮಾತು ಈ ಹೊಸ್ತಿಲು ದಾಟಬಾರದು. ಅದನ್ನು ಪ್ರತಿ ಸಲ ನಾನೇ ಎದ್ದು ನಿಂತು ಹೇಳುತ್ತಿದ್ದೆ.

ಆ ನಿಯಮವನ್ನು ಎರಡು ವರ್ಷದಿಂದ ತಿಂಗಳಿಗೊಮ್ಮೆ ಮುರಿಯುತ್ತಿದ್ದವಳೂ ನಾನೇ. ಅದು ಹೇಗೆಂದರೆ, ನಮ್ಮ ಮೂರು ತಾಸು ಶಿಕ್ಷಕರ ತರಬೇತಿಯಲ್ಲಿ ಸೇರಬೇಕಾದರೆ ಹಾಜರಿ ಪುಸ್ತಕಕ್ಕೆ ಶಿಕ್ಷಣ ಇಲಾಖೆಯ ಕಚೇರಿಯ ಸಾಹೇಬರ ಸಹಿ ಆಗಬೇಕು. ಅರ್ಧ ಖಾಲಿ ಉಳಿಯುವ ಪುಸ್ತಕ ಕಂಡರೆ ನನಗೆ ಸೇರುವುದಿಲ್ಲ. ಹಾಗಾಗಿ ಒಂದೇ ದಪ್ಪ ವಹಿ ಇಟ್ಟಿದ್ದೆ. ಮುಂದಿನಿಂದ ಹಾಜರಿ: ಹೆಸರು, ಸಾಲಿಯ ಹೆಸರು, ಸಹಿ. ಅದನ್ನೇ ಬೋರಲು ತಿರುಗಿಸಿ ಹಿಂದಿನಿಂದ, ಆ ದಿನ ಯಾರು ಏನು ಹೇಳಿದರು ಎಂಬುದು. ಒಬ್ಬೊಬ್ಬರ ಮಾತಿಗೆ ಒಂದೊಂದು ಹೊಸ ಹಾಳೆ. ಹೆಸರಿನ ಜಾಗದಲ್ಲಿ ತಾಲ್ಲೂಕು ಮಾತ್ರ. ನಾನು ಬರೆಯುವುದನ್ನು ಎಲ್ಲರೂ ನೋಡುತ್ತಿದ್ದರು. ವಹಿ ನನ್ನ ಟ್ರಂಕಿನಲ್ಲಿರುತ್ತದೆ ಎಂದು ನಂಬಿದ್ದರು. ಪ್ರತಿ ತಿಂಗಳು ನಾನು ಅದನ್ನು ಕಚೇರಿಗೆ ಒಯ್ಯುತ್ತಿದ್ದೆ. ಮೇಜಿನ ಎದುರಿಗೆ ನಿಂತೇ ಮುಂದಿನ ಪುಟಕ್ಕೆ ಸಹಿ ಮಾಡಿಸಿ ಐದು ನಿಮಿಷದಲ್ಲಿ ತರುತ್ತಿದ್ದೆ. ಯಾರೂ ತಿರುವಿ ನೋಡಿದ್ದಿಲ್ಲ.

ಆ ಶನಿವಾರ ಮುಂಜಾನೆ ಹನ್ನೊಂದಕ್ಕೆ ಹಿಂದಿನ ತಿಂಗಳ ಹಾಜರಿಗೆ ಸಹಿ ಮಾಡಿಸಲು ಹೋದಾಗ ಗುಮಾಸ್ತ ಹೇಳಿದ, “ಅಕ್ಕೋರ, ಹೊಸಾ ಸಾಹೇಬರು ಬಂದಾರ. ಕಬ್ಬೂರ ಕಡೆ ಸಾಲಿ ನೋಡಾಕ ಹೋಗ್ಯಾರ. ಅವರು ಒಂದೊಂದ ಪುಸ್ತಕಾ ನೋಡಿ ಸಹಿ ಮಾಡ್ತಾರ. ಇಟ್ಟ ಹೋಗ್ರಿ, ಮೂರಕ್ಕ ಬಂದ ಒಯ್ರಿ.”

“ನಾ ನಿಂದರತೇನಿ,” ಎಂದೆ.

“ಮೂರರ ತನಕ ನಿಂದರತೀರಿ? ನಿಮ್ಮ ಪುಸ್ತಕಕ್ಕ ಕಾಲ ಬಂದ ಓಡಿ ಹೋಗೂದಿಲ್ಲ ಬಿಡ್ರಿ.”

ಕಚೇರಿಯವರು ಇಟ್ಟು ಹೋಗಿ ಎಂದರೆ ಇಟ್ಟು ಹೋಗುವುದು ನನ್ನ ಮೈಗೆ ಹತ್ತಿದ ಶಿಸ್ತು. ಇಟ್ಟು ಬಂದೆ. ಮೆಟ್ಟಿಲು ಇಳಿಯುವಾಗಲೇ ನೆನಪಾಯಿತು. ಹಿಂದಿನ ತಿಂಗಳ ಕೊನೆಯ ಹಾಳೆಯಲ್ಲಿ ನಿಪ್ಪಾಣಿಯವಳ ಮಾತು ಇತ್ತು.

ಅವಳ ಸಾಲಿ ಮರಾಠಿ ಮಾಧ್ಯಮದ್ದು. ಅಲ್ಲಿ ಅವಳು ಕನ್ನಡ ಕಲಿಸುತ್ತಾಳೆ. ಊರು ಗದಗದ ಕಡೆ, ಮರಾಠಿ ಅಷ್ಟಕ್ಕಷ್ಟೆ. ‘ಕನ್ನಡದ ತಾಸಿನಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ, ನೀರು ಬೇಕಾದರೂ ಕನ್ನಡದಲ್ಲೇ ಕೇಳಬೇಕು’ ಎಂದು ಮಕ್ಕಳಿಗೆ ಕಟ್ಟು ಹಾಕಿದ್ದಳು. ಮೂರನೆಯ ತರಗತಿಗೆ ಮಹಾರಾಷ್ಟ್ರದ ಕಡೆಯಿಂದ ಹೊಸದಾಗಿ ಬಂದ ಒಂದು ಹೆಣ್ಣುಮಗು ಇತ್ತು. ಒಂದು ದಿನ ಆ ಮಗು ಎದ್ದು ನಿಂತು ಏನೋ ಕೇಳಿತು. “ಕನ್ನಡದಾಗ ಹೇಳು,” ಎಂದಳು ಇವಳು. ಮಗು ಸುಮ್ಮನೆ ನಿಂತಿತು. ಇವಳು ಮತ್ತೆರಡು ಸಲ ಅದನ್ನೇ ಹೇಳಿದಳು. ಮಗುವಿಗೆ ಹೊರಗೆ ಹೋಗಬೇಕಾಗಿತ್ತು. ಅದನ್ನು ಕೇಳುವ ಕನ್ನಡ ಬರುತ್ತಿರಲಿಲ್ಲ. ನಿಂತಲ್ಲೇ ಲಂಗ ಒದ್ದೆಯಾಯಿತು. ತರಗತಿ ನಕ್ಕಿತು. ಮರುದಿನದಿಂದ ಮಗು ಸಾಲಿಗೆ ಬರಲಿಲ್ಲ, ಈ ತಿಂಗಳೂ ಬಂದಿಲ್ಲ. ಮನೆಯಲ್ಲಿ ಹೊಟ್ಟೆನೋವು ಎಂದು ಹೇಳಿಕೊಂಡು ಮಲಗಿತ್ತಂತೆ. ಮಕ್ಕಳು ಲಂಗ ಒದ್ದೆಯಾದದ್ದನ್ನಷ್ಟೇ ಮನೆಗಳಲ್ಲಿ ಹೇಳಿದ್ದರು, ಕೇಳಿದರೂ ಹೊರಗೆ ಬಿಡದೆ ನಿಲ್ಲಿಸಿದ್ದನ್ನಲ್ಲ. ಇವಳು ಮನೆಯವರಿಗೆ ನಿಜ ಹೇಳಿರಲಿಲ್ಲ. ನಮಗೆ ಹೇಳಿದ್ದಳು.

ಇದು ಬೇರೆ ಸೀಮೆಯಲ್ಲಾದರೆ ಒಂದು ತಪ್ಪು, ಒಂದು ಕ್ಷಮೆ. ನಮ್ಮ ಗಡಿಯಲ್ಲಿ ಹಾಗಾಗುವುದಿಲ್ಲ. ಕನ್ನಡದ ಬಾಯಿ ಮರಾಠಿ ಕೂಸನ್ನು ಹೀಗೆ ಮಾಡಿದಳು ಎಂಬ ಮಾತು ಮೂರನೆಯವರ ಬಾಯಿಂದ ಊರಿಗೆ ಮುಟ್ಟಿದರೆ ಸಂಜೆಯೊಳಗೆ ಕಟ್ಟೆಗೆ ಜನ ಸೇರುತ್ತಾರೆ. ಅದು ಒಂದು ಮಗುವಿನ ಸಂಕಟವಾಗಿ ಉಳಿಯದೆ ಎರಡು ಭಾಷೆಯ ಜಗಳವಾಗುತ್ತದೆ. ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಒಬ್ಬಳೇ ಖೋಲಿ ಮಾಡಿಕೊಂಡಿದ್ದಾಳೆ, ಒಬ್ಬಳೇ ಗಾಡಿಯ ಮೇಲೆ ಆ ಊರಿಗೆ ಹೋಗಿ ಬರುತ್ತಾಳೆ. ಕೆಲಸ ಹೋದೀತು ಎನ್ನುವುದಕ್ಕಿಂತ ಆ ದಾರಿಯೇ ನನ್ನನ್ನು ಹೆಚ್ಚು ಹೆದರಿಸಿತು. ಮುಂದಿನ ಪುಟದಲ್ಲಿ ಅವಳ ಪೂರ್ತಿ ಹೆಸರಿದೆ, ಸಾಲಿಯ ಹೆಸರಿದೆ. ಹಿಂದೆ ಅವಳ ಮಾತಿದೆ. ಎರಡನ್ನೂ ಒಂದೇ ದಾರದಲ್ಲಿ ಹೊಲಿದವಳು ನಾನು.

ಅಷ್ಟಾದರೂ ಎರಡೂವರೆಗೆ ಸಭೆ ಆರಂಭಿಸಿದೆ. ಮೂರಕ್ಕೆ ಹೋಗಿ ತಂದುಬಿಟ್ಟರೆ ಯಾರಿಗೂ ಹೇಳಬೇಕಾಗಿಲ್ಲ ಎಂದು ಒಳಗೊಳಗೇ ಅಂದುಕೊಂಡಿದ್ದೆ. ಎದ್ದು ನಿಂತು ನಿಯಮಗಳನ್ನು ಹೇಳಿದೆ. ಕೊನೆಯದನ್ನು ಮಾತ್ರ ಹೇಳದೆ ಕೂತೆ. ಯಾರ ಗಮನಕ್ಕೂ ಬರಲಿಲ್ಲ ಅನಿಸಿತು.

ಮೊದಲ ಸರದಿ ಅಥಣಿಯವರದು. ಅರವತ್ತಕ್ಕೆ ಸಮೀಪಿಸಿದವರು, ನಗಿಸುವ ಮನುಷ್ಯ. ಏಳನೆಯ ತರಗತಿಯಲ್ಲಿ ಪದ್ಯ ಹಾಡುವಾಗ ಹುಡುಗರು ನಕ್ಕದ್ದನ್ನೂ ತಾವು ಸಿಟ್ಟಿನಿಂದ ಪುಸ್ತಕ ಮುಚ್ಚಿ ಹೊರಗೆ ಹೋದದ್ದನ್ನೂ ಹೇಳುತ್ತಿದ್ದರು. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆಯೇ ಇತ್ತು. ಅವರು ನಡುವೆ ನಿಲ್ಲಿಸಿದರು.

“ಅಕ್ಕೋರ, ಇವತ್ತ ನಿಮ್ಮ ಪೆನ್ನ ಸಿಟ್ಟಾಗೈತೇನ್ರಿ? ಒಂದಕ್ಷರಾ ಬರೀವಲ್ರಿ. ನಮ್ಮ ಮಾತು ಬರಿಯೂ ಲಾಯಕ್ಕ ಇಲ್ಲಂತ ಆತೇನು?”

“ಅವರ ಹಾಡಿಗೆ ಹುಡುಗೂರ ನಕ್ಕಿದ್ದ ಬರಕೊಳ್ರಿ ಮತ್ತ,” ಎಂದರು ರಾಯಬಾಗದವರು. “ಇಂಥಾ ದಾಖಲೆ ಮತ್ತ ಸಿಗೂದಿಲ್ಲ.”

ಎಲ್ಲರೂ ನಕ್ಕರು. ನಿಪ್ಪಾಣಿಯವಳೂ ನಕ್ಕಳು. ಆ ನಗು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಅವರ ಹತ್ತು ನಿಮಿಷ ಮುಗಿದಿರಲಿಲ್ಲ. ಸರದಿ ಮುರಿದೆ. ಹೀಗೆ ನಾನು ಮಾಡಿದ್ದು ಅದೇ ಮೊದಲು.

“ಇವತ್ತ ಮೊದಲ ನಾ ಹೇಳಬೇಕು,” ಎಂದೆ. ಎಲ್ಲ ಹೇಳಿದೆ. ಮುಂದಿನ ಪುಟ, ಹಿಂದಿನ ಪುಟ, ಎರಡು ವರ್ಷ, ಹೊಸ ಸಾಹೇಬರು, ಇಟ್ಟು ಬಂದದ್ದು.

ಹೊರಗೆ ಒಂದು ಟ್ರ್ಯಾಕ್ಟರ್ ಹೋಯಿತು, ಅದರ ಸದ್ದು ಇಳಿಯುವ ತನಕ ಎಲ್ಲರೂ ಕಾದರು. ಆಮೇಲೆ ಶೇಡಬಾಳದ ಸರ್ ಗಂಟಲು ಸರಿಪಡಿಸಿಕೊಂಡರು. ಮಿತಭಾಷಿ, ಸೂರ್ಯ ಮುಳುಗುವ ಮೊದಲು ಊಟ ಮಾಡುವ ಜೈನ ಮನೆತನದವರು, ಹಾಗಾಗಿ ಸಭೆ ಮುಗಿಯುವ ಮೊದಲೇ ಐದಕ್ಕೆ ತಪ್ಪದೆ ಏಳುತ್ತಾರೆ. “ಪ್ರಶ್ನೆ ಕೇಳಬಹುದ್ರಿ?” ಎಂದರು.

“ಕೇಳ್ರಿ. ನಿಯಮ ಎಲ್ಲಾರಿಗೂ ಒಂದ.”

“ಹಿಂದಿನ ಮಗ್ಗಲಾ ಕಚೇರಿಗೆ ಹೋಗತೈತಿ ಅಂತ ನಿಮಗ ಗೊತ್ತಿತ್ತ?”

“ಗೊತ್ತಿತ್ರಿ.”

“ಮತ್ತ ಬ್ಯಾರೆ ವಹಿ ಯಾಕ ಮಾಡಲಿಲ್ಲ?”

“ಯಾರೂ ತಿರುವಿ ಹಾಕಿ ನೋಡೂದಿಲ್ಲ ಅಂತ ತಿಳಕೊಂಡೆ.”

ರಾಯಬಾಗದವರ ಮುಖ ಕೆಂಪಾಗಿತ್ತು. “ನಾ ಹೇಳಿದ್ದೂ ಅದರಾಗ ಐತೇನ್ರಿ? ಆ ಹಳಗನ್ನಡ ಪದ್ಯ ನನಗ ತಿಳಿಯೂದಿಲ್ಲ, ಗೈಡ್ ನೋಡಿ ಕಲಸ್ತೇನಿ ಅಂತ ಹೇಳಿದ್ದು?”

“ಐತಿ.”

“ನಂದು ಬಿಡ್ರಿ,” ಎಂದರು ಅಥಣಿಯವರು. ಈಗ ಅವರ ದನಿಯಲ್ಲಿ ನಗು ಇರಲಿಲ್ಲ. “ಈ ಹುಡುಗೀದು?”

ನಿಪ್ಪಾಣಿಯವಳು ನನ್ನನ್ನೇ ನೋಡುತ್ತಿದ್ದಳು. ಹಿಂದಿನ ತಿಂಗಳು ಆ ಮಾತು ಮುಗಿಸಿ ಅವಳು ಮುಖ ಮುಚ್ಚಿಕೊಂಡು ಅತ್ತಿದ್ದಳು. “ನಾ ಅತ್ತಿದ್ದೂ ಬರದೀರೇನ್ರಿ?” ಎಂದು ಕೇಳಿದಳು.

“ಬರದೇನವಾ.”

“ಏನಂತ ಬರದೀರಿ?”

“ಎರಡು ನಿಮಿಷ ಅಂತ.”

ಅವಳು ತಲೆಯಾಡಿಸಿದಳು. ಬೈಯಬಹುದಾಗಿತ್ತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕಾಲ ಬಳಿ ಇದ್ದ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು, “ಮೂರ ಆತ್ರಿ. ನಡೀರಿ ಹೋಗೂಣು,” ಎಂದಳು.

ಉಳಿದ ಮೂವರೂ ಬರುತ್ತೇವೆಂದರು. ಐದು ಜನ ಒಟ್ಟಿಗೆ ಕಚೇರಿಗೆ ನುಗ್ಗಿದರೆ ಇಲ್ಲದ ಅನುಮಾನ ಹುಟ್ಟುತ್ತದೆ ಎಂದು ನಾನೇ ಬೇಡವೆಂದೆ. ಏನಾಯಿತೆಂದು ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡುವುದಾಗಿ ಮಾತು ಕೊಟ್ಟೆ. ರಾಯಬಾಗದವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಫೋನ್ ಮಾಡ್ತೇನಿ ಅಂದೀರಿ, ಮಾಡ್ರಿ ಮತ್ತ,” ಎಂದರು. ಎರಡು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಒತ್ತು ಹಾಕಿ ಹೇಳಿದ್ದಿಲ್ಲ.

ಮೂರೂಕಾಲಿಗೆ ಕಚೇರಿ ತಲುಪಿದೆವು. ಸಾಹೇಬರ ಜೀಪು ಅಂಗಳದಲ್ಲಿ ನಿಂತಿತ್ತು. ಪಕ್ಕದ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಗುಮಾಸ್ತ ನಮ್ಮನ್ನು ನೋಡಿದವನೇ ವಹಿ ತೆಗೆದು ಮೇಜಿನ ಮೇಲಿಟ್ಟ.

“ತಗೋರಿ. ಸಾಹೇಬರು ಬಂದ ಐದ ಮಿನಿಟಿನ್ಯಾಗ ಸಹಿ ಮಾಡಿ ಒಳಗ ಹೋದ್ರು.”

ತೆಗೆದು ನೋಡಿದೆ. ಮುಂದಿನ ಪುಟಕ್ಕೆ ಸಹಿ, ಶಿಕ್ಕಾ. ಹಿಂದಿನ ಹಾಳೆಗಳಲ್ಲಿ ಯಾವ ಗುರುತೂ ಇಲ್ಲ. ಸಾಹೇಬರು ತಿರುವಿಯೇ ಇಲ್ಲ. ಪಕ್ಕದಲ್ಲಿ ನಿಂತವಳ ಉಸಿರು ಹೊರಬಿದ್ದದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಗುಮಾಸ್ತ ಕುರ್ಚಿ ಹಿಂದಕ್ಕೆ ವಾಲಿಸಿ ಪ್ರೀತಿಯಿಂದಲೇ ಮಾತು ತೆಗೆದ.

“ಅಕ್ಕೋರ, ಹಿಂದಿಂದ ಬಾಳ ಚಂದ ಬರದೀರಿ ನೋಡ್ರಿ. ಮಧ್ಯಾಹ್ನ ಕೆಲಸ ಇದ್ದಿದ್ದಿಲ್ಲ, ಓದಕೋತ ಕುಂತಬಿಟ್ಟೆ. ಆ ಕೂಸಿನ ಸುದ್ದೀನಂತೂ ಎರಡ ಸಲ ಓದಿದೆ.”

ಅವನು ಮುಂದಿನ ಪುಟ ತೋರಿಸಿದ. “ಈ ಸಾಲಿ ಇರೂ ಊರಿಗೇ ನಮ್ಮ ತಂಗೀನ ಕೊಟ್ಟೇವ್ರಿ. ಯಾ ಮನಿ ಕೂಸಿರಬಹುದು ಅಂತ ಅಕೀಗೆ ಫೋನ್ ಹಚ್ಚಿ ಕೇಳಿದೆ. ಅಕೀ ಅಂದ್ಲು, ಅಯ್ಯ, ಅದು ನಮ್ಮ ಬಾಜೂ ಓಣೀದ, ಈಗ ಹೋಗಿ ಮಾತಾಡಿಸಿಕೊಂಡ ಬರ್ತೇನಿ ಅಂತ.”

“ಯಾವಾಗ ಫೋನ್ ಮಾಡಿದ್ರಿ?” ಎಂದು ಕೇಳಿದಳು ನಿಪ್ಪಾಣಿಯವಳು.

ಅವನು ಆಗ ಅವಳ ಕಡೆ ನೋಡಿದ. ಇವಳೇ ಆ ಶಿಕ್ಷಕಿ ಎಂದು ಹೊಳೆದಿರಬೇಕು, ಕುರ್ಚಿ ಮುಂದಕ್ಕೆ ತಂದು ನೆಟ್ಟಗೆ ಕೂತ. “ಅರ್ಧಾ ತಾಸಾತ್ರಿ,” ಎಂದ. ಆಮೇಲೆ ಮೆಲ್ಲಗೆ, “ನಾ ಏನ ಕೆಟ್ಟದ್ದಕ್ಕ ಮಾಡಲಿಲ್ರಿ ಬಾಯಿ,” ಎಂದ. ಅವನು ಕೆಟ್ಟವನಲ್ಲ ಎಂದು ನನಗೂ ಗೊತ್ತಿತ್ತು. ಮುಂಜಾನೆಯಿಂದ ನಾನು ಹೆದರಿದ್ದು ಓದುವ ಸಾಹೇಬರಿಗೆ. ಗುಮಾಸ್ತನೂ ಓದಬಲ್ಲ ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ.

ಹೊರಗೆ ಬಂದು ಅವಳು ಗಾಡಿಗೆ ಚಾವಿ ಹಾಕಿದಳು.

“ಎಲ್ಲಿಗೆ ಹೊಂಟಿ?” ಎಂದೆ.

“ಅವರ ಮನಿಗ್ರಿ. ಇನ್ನೊಬ್ಬರು ಹೇಳಿದ ಮ್ಯಾಲ ನಾ ಹೋದ್ರ ಏನ ಬಂತು?”

“ಒಬ್ಬಾಕೀನ ಬ್ಯಾಡ. ನಾನೂ ಬರ್ತೇನಿ.”

“ನಿಮಗ ಗಾಡಿ ಮ್ಯಾಲ ಕುಂದರಾಕ ಆಗತೈತೇನ್ರಿ?”

“ಆಗಲಿಕ್ಕಂದ್ರೂ ಕುಂದರತೇನಿ. ನಡಿ.”

ಚಿಕ್ಕೋಡಿಯಿಂದ ನಿಪ್ಪಾಣಿಗೆ, ಅಲ್ಲಿಂದ ವೇದಗಂಗೆಯ ದಂಡೆಯ ಆ ಊರಿಗೆ, ಒಂದು ತಾಸಿನ ದಾರಿ. ಕಬ್ಬಿನ ಸುಗ್ಗಿ. ಒಂದೊಂದು ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ, ಮೈತುಂಬ ಕಬ್ಬು. ಅವಳು ಅವುಗಳ ಪಕ್ಕದ ಸಂದಿಯಲ್ಲಿ ಗಾಡಿ ತೂರಿಸಿದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ವಹಿ ನನ್ನ ತೊಡೆಯ ಮೇಲಿನ ಚೀಲದಲ್ಲಿತ್ತು. ಒಂದು ಕಡೆ ಅವಳ ಫೋನ್ ರಿಂಗಾಯಿತು. ಬದಿಗೆ ನಿಲ್ಲಿಸಿ ನೋಡಿದಳು. ಆ ಊರಿನವರದೇ, ಸಾಲಿಯ ಅಡುಗೆಯವಳ ನಂಬರು. ಎತ್ತುವಷ್ಟರಲ್ಲಿ ನಿಂತಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ಶನಿವಾರ ಸಂಜೆ ಅಡುಗೆಯವಳು ಬಾಯಿಗೆ ಫೋನ್ ಮಾಡುವ ಕಾರಣವೇನು? ಅವಳು ಗಾಡಿಯನ್ನು ಮತ್ತೆ ರಸ್ತೆಗೆ ಹತ್ತಿಸಿದಳು.

ಆ ಹಾದಿಯಲ್ಲಿ ನನಗೆ ಇನ್ನೊಂದು ಭಯ ಬಂದು ಕೂತಿತು. ಕನ್ನಡದ ತಾಸಿನಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ ಎಂಬ ಕಟ್ಟು ಅವಳದಲ್ಲ. ಗುಂಪು ಸೇರಿದ ಹೊಸದರಲ್ಲಿ ಅವಳು, ಮಕ್ಕಳ ಬಾಯಲ್ಲಿ ಕನ್ನಡವೇ ಬರುತ್ತಿಲ್ಲ ಎಂದಿದ್ದಳು. ಸಲಹೆ ಕೊಡಬಾರದೆಂಬ ನಮ್ಮ ನಿಯಮವನ್ನು ಪಕ್ಕಕ್ಕಿಟ್ಟು, ಚಹ ಕೊಡುತ್ತ, ನಾನು ಮೂವತ್ತಾರು ವರ್ಷ ನಡೆಸಿದ್ದು ಹೀಗೆ ಎಂದು ಹೇಳಿಕೊಟ್ಟವಳು ನಾನು. ನನ್ನ ತರಗತಿಗಳಲ್ಲಿ ಎಷ್ಟು ಮಕ್ಕಳು ಹಾಗೆ ನಿಂತಿದ್ದರು? ನೆನಪು ಮಾಡಿಕೊಳ್ಳಲು ನೋಡಿದೆ. ನಿಂತ ಮಕ್ಕಳು ನೆನಪಾದರು. ಅವರಿಗೆ ಏನು ಬೇಕಾಗಿತ್ತೆಂಬುದು ನನಗೆ ಎಂದೂ ಗೊತ್ತಾಗಿರಲಿಲ್ಲ.

“ಆ ಕಟ್ಟು ನಾ ಹೇಳಿಕೊಟ್ಟಿದ್ದು,” ಎಂದೆ ಅವಳ ಬೆನ್ನಿಗೆ.

“ಗೊತ್ತೈತ್ರಿ,” ಎಂದಳು. “ಹಿಂದಿನ ತಿಂಗಳ ನೀವು ಅದನ್ನ ಹೇಳ್ತೀರೇನೋ ಅಂತ ಕಾಯಾಕತ್ತಿದ್ದೆ.”

ನಾಲ್ಕೂವರೆ ದಾಟಿದ ಮೇಲೆ ಊರು ಮುಟ್ಟಿದೆವು. ಕಟ್ಟೆಯ ಮೇಲೆ ಏಳೆಂಟು ಗಂಡಸರು ಕೂತಿದ್ದರು. ಗಾಡಿ ನೋಡಿ ಮಾತು ನಿಲ್ಲಿಸಿದರು. ಅವಳು ವೇಗ ಇಳಿಸಿ ಎಂದಿನಂತೆ ನಮಸ್ಕಾರ ಮಾಡಿದಳು. ಒಬ್ಬ ವಯಸ್ಸಾದವ ಮಾತ್ರ ತಲೆಯಾಡಿಸಿದ. ನನ್ನ ಬೆನ್ನಿಗೆ ಅವರ ಕಣ್ಣು ಓಣಿ ತಿರುಗುವ ತನಕ ತಾಗುತ್ತಿತ್ತು.

ಮಗುವಿನ ಮನೆಯ ಪಡಸಾಲೆಯಲ್ಲಿ ತಾಯಿ ತಂಬಾಕಿನ ಎಲೆ ಒತ್ತಟ್ಟಿಗೆ ಸರಿಸಿ ಜಾಗ ಮಾಡಿದಳು. “ಬಸಾ,” ಎಂದಳು, ಕೂಡಿರಿ ಎಂದು. ದನಿ ಬಿಗಿಯಾಗಿತ್ತು. ನೀರು ಕೊಡಲಿಲ್ಲ. ನೀರು ಕೊಡದ ಮನೆ ಆ ಸೀಮೆಯಲ್ಲಿ ಇಲ್ಲ. ಆಗಲೇ ನನಗೆ ತಿಳಿಯಿತು, ಗುಮಾಸ್ತನ ತಂಗಿ ನಮಗಿಂತ ಮೊದಲು ಬಂದು ಹೋಗಿದ್ದಾಳೆ. ಒಳಗಿನ ಬಾಗಿಲ ಸಂದಿಯಲ್ಲಿ ಎರಡು ಪುಟ್ಟ ಪಾದ ಕಾಣುತ್ತಿದ್ದವು.

ತಾಯಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ಬಾಯಿ ತೆರೆದೆ. ನಿಪ್ಪಾಣಿಯವಳು ನನ್ನ ಕೈ ಒತ್ತಿ, “ಬ್ಯಾಡ್ರಿ ಅಕ್ಕೋರ, ನಾನ ಹೇಳತೇನಿ,” ಎಂದಳು.

ಅವಳ ಬಳಿ ಇದ್ದದ್ದು ಬಾಜಾರದ ಮರಾಠಿ. ಕಾಯಿಪಲ್ಲೆಗೆ, ಬಸ್ಸಿಗೆ ಸಾಕಾಗುವಷ್ಟು. ಅದರಲ್ಲೇ ಹೇಳತೊಡಗಿದಳು. ನಿಮ್ಮ ಮಗಳು ಎದ್ದು ನಿಂತಳು. ಕೇಳಿದಳು. ನಾನು ಬಿಡಲಿಲ್ಲ. ಕನ್ನಡ, ಕನ್ನಡ ಎಂದೆ. ಮೂರು ಸಲ. ಅಲ್ಲಿಗೆ ಮಾತು ಮುಗಿದು ನಿಂತಳು. ಮುಂದಿನದಕ್ಕೆ ಅವಳಲ್ಲಿ ಶಬ್ದವಿರಲಿಲ್ಲ. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ತಾಯಿ ಸಹಾಯ ಮಾಡಲಿಲ್ಲ. ನಾನೂ ಮಾಡಬಾರದೆಂದು ನಾಲಿಗೆ ಕಚ್ಚಿ ಹಿಡಿದೆ. ಎಷ್ಟು ಹೊತ್ತು ನಿಂತಳೋ, ಆ ಸಲ ನಾನು ಗಡಿಯಾರ ನೋಡಲಿಲ್ಲ. ಕೊನೆಗೆ, “ಮಾಝೀ ಚೂಕ,” ಎಂದಳು. ನನ್ನ ತಪ್ಪು. ಅದೇ ಎರಡು ಶಬ್ದ ಇನ್ನೊಮ್ಮೆ ಹೇಳಿದಳು.

ತಾಯಿ ತಂಬಾಕಿನ ಎಲೆಗಳನ್ನು ಇನ್ನಷ್ಟು ಹಿಂದಕ್ಕೆ ಸರಿಸಿದಳು. ಆಮೇಲೆ ನನ್ನತ್ತ ತಿರುಗಿ ಮರಾಠಿಯಲ್ಲಿ ಕೇಳಿದಳು, “ಪುಸ್ತಕದಲ್ಲಿ ಬರೆದಿದ್ದೀರಂತೆ. ನೀವೇ?”

ಹೌದೆಂದೆ.

“ನನ್ನ ಮಗಳ ಹೆಸರಿದೆಯೇ?”

“ಹೆಸರಿಲ್ಲ. ಉಳಿದದ್ದೆಲ್ಲ ಇದೆ.”

“ವಾಚಾ,” ಎಂದಳು. ಓದಿರಿ.

ವಹಿ ತೆಗೆದು ಬೋರಲು ಹಾಕಿ ಆ ಹಾಳೆ ಹುಡುಕಿದೆ. ನನ್ನದೇ ಕೈಬರಹ, ಅಂಚು ಬಿಟ್ಟು, ಸಾಲು ತಪ್ಪದೆ. ಒಂದೊಂದೇ ವಾಕ್ಯವನ್ನು ಮರಾಠಿಗೆ ತಿರುಗಿಸಿ ಓದಿದೆ. ಮಗು ಎದ್ದು ನಿಂತಿತು. ಶಿಕ್ಷಕಿ ಮೂರು ಸಲ ಸೂಚಿಸಿದರು. ತರಗತಿ ನಕ್ಕಿತು. ಹೇಳಿದವರು ಎರಡು ನಿಮಿಷ ಅತ್ತರು. ಓದುತ್ತ ಹೋದಂತೆ ನನ್ನ ಬರಹ ನನಗೇ ಪೋಲೀಸರ ಪಂಚನಾಮೆಯಂತೆ ಕೇಳಿಸಿತು. ತಾಯಿ ‘ಅತ್ತರು’ ಎಂಬಲ್ಲಿ ಒಮ್ಮೆ ತಲೆಯೆತ್ತಿ ನಿಪ್ಪಾಣಿಯವಳನ್ನು ನೋಡಿದಳು. ಮುಗಿದ ಮೇಲೆ ಕೈ ಚಾಚಿದಳು.

“ತೇ ಪಾನ ಮಲಾ ದ್ಯಾ.” ಆ ಹಾಳೆ ನನಗೆ ಕೊಡಿ.

ನನ್ನ ಜೀವಮಾನದಲ್ಲಿ ಯಾವ ದಾಖಲೆಯ ಹಾಳೆಯನ್ನೂ ಹರಿದವಳಲ್ಲ. ಅದು ಅವಳ ಕೈಗೆ ಹೋದರೆ ಕಟ್ಟೆಯ ಮೇಲಿನ ಯಾರ ಕೈಗೂ ಹೋಗಬಹುದು. ಕನ್ನಡ ಬಲ್ಲವರು ಆ ಊರಲ್ಲಿ ಬೇಕಾದಷ್ಟಿದ್ದಾರೆ. ನಿಪ್ಪಾಣಿಯವಳ ಮುಖ ಬಿಳಿಚಿತ್ತು. ಆದರೆ ನನ್ನ ಕೈ ತಡೆಯಲಿಲ್ಲ. ಹೊಲಿಗೆಯ ಗುಂಟ ಬೆರಳಿಟ್ಟು ಹಾಳೆ ಬಿಡಿಸಿದೆ, ಕೊಟ್ಟೆ. ತಾಯಿ ಅದನ್ನು ನಾಲ್ಕು ಮಡಿಕೆ ಮಾಡಿ ಕುಬಸದೊಳಗೆ ಇಟ್ಟುಕೊಂಡಳು.

“ಇವಳ ಅಪ್ಪ ಕಬ್ಬಿನ ಗಾಡಿಯ ಮೇಲೆ ಹೋಗಿದ್ದಾನೆ, ರಾತ್ರಿ ಬರುತ್ತಾನೆ,” ಎಂದಳು. “ಮೈದುನ ಆಗಲೇ ಕಟ್ಟೆಗೆ ಹೋದ. ನಾಲ್ಕು ಜನರನ್ನು ಕರೆದುಕೊಂಡು ಸಾಲಿಗೆ ಬರುತ್ತೇನೆ ಅನ್ನುತ್ತಿದ್ದ. ಮಗಳು ನನ್ನವಳು. ಅವರಿಗೆ ನಾನು ಹೇಳುತ್ತೇನೆ. ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ.” ಆಮೇಲೆ ನಿಪ್ಪಾಣಿಯವಳತ್ತ ಬೆರಳು ಮಾಡಿ, ಅವಳಿಗೆ ತಿಳಿಯಲೆಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. ಸೋಮವಾರ ಮುಂಜಾನೆ ನೀವು ಇಲ್ಲಿಗೆ ಬನ್ನಿ. ಈ ಬಾಗಿಲಿಗೆ. ಕೈ ಹಿಡಿದು ಕರೆದುಕೊಂಡು ಹೋಗಿ. ಕಟ್ಟೆಯ ಮುಂದಿನಿಂದ ನಡೆದು.

“ಬರ್ತೇನಿ,” ಎಂದಳು ಇವಳು ಕನ್ನಡದಲ್ಲೇ. ತಾಯಿಗೆ ಅದು ತಿಳಿಯಿತು.

ಬಾಗಿಲ ಸಂದಿಯ ಪಾದಗಳು ಅಲ್ಲೇ ಇದ್ದವು. ಮಗು ಹೊರಗೆ ಬರಲಿಲ್ಲ. ತಾಯಿಯೂ ಕರೆಯಲಿಲ್ಲ.

ಮರಳುವಾಗ ಕಟ್ಟೆಯಲ್ಲಿ ಜನ ಹೆಚ್ಚಾಗಿದ್ದರು. ಒಬ್ಬ ಎದ್ದು ನಿಂತು ಕೈ ಮೇಲೆತ್ತಿದ. ನಮಸ್ಕಾರವೋ, ನಿಲ್ಲಿ ಎಂಬ ಸನ್ನೆಯೋ. ಅವಳು ಗಾಡಿ ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದಳು. ನಾನು ಅವಳ ಹೆಗಲು ಬಿಗಿಯಾಗಿ ಹಿಡಿದೆ. ಅವನು ನಮ್ಮನ್ನು ನೋಡಿದ, ನನ್ನ ಬಿಳಿಗೂದಲು ನೋಡಿದ. ಕೈ ಇಳಿಸಿ ಕೂತ. ಅವಳು ಗಾಡಿ ಹೊರಡಿಸಿದಳು. ಊರು ದಾಟಿ, ಕಬ್ಬಿನ ಹೊಲಗಳ ನಡುವೆ ಬಂದ ಮೇಲೆ, “ಅಕ್ಕೋರ, ಆ ಪಾನ ಯಾಕ ಕೊಟ್ರಿ?” ಎಂದು ಕೇಳಿದಳು.

“ಅವರ ಕೂಸಿಂದದು. ನಂದೇನಿತ್ತು?”

“ಅವರು ಯಾರಿಗರೆ ತೋರಿಸಿದ್ರ?”

“ತೋರಿಸಬಹುದು.”

ಅವಳು ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ನನ್ನನ್ನು ಇಳಿಸಿದಾಗ ಆರೂವರೆ. ಸೋಮವಾರ ನಾನೂ ಬರಲೇ ಎಂದೆ. ಬೇಡವೆಂದಳು. ಕೈ ಹಿಡಿಯಬೇಕಾದವಳು ತಾನೊಬ್ಬಳೇ ಎಂದಳು. ಖೋಲಿ ಮುಟ್ಟಿ ಸುದ್ದಿ ಕಳಿಸು, ಒಳಗಿನಿಂದ ಅಗಳಿ ಹಾಕಿಕೋ ಎಂದು ಎರಡು ಸಲ ಹೇಳಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಫೋನ್ ಅಂಗೈಯಲ್ಲೇ ಇತ್ತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಆ ಎತ್ತದ ಫೋನು, ಆ ಎತ್ತಿದ ಕೈ, ಹಿಂದೆ ಬಂದಿರಬಹುದಾದ ಯಾವುದಾದರೂ ಗಾಡಿ, ಒಂದೊಂದಾಗಿ ಬಂದು ಎದೆಯ ಮೇಲೆ ಕೂತವು. ಅರ್ಧ ದಾರಿ ದಾಟಿದ ಮೇಲೆ ಅವಳ ಒಂದು ಸಾಲು ಬಂತು: ‘ಮುಟ್ಟೀನ್ರಿ. ಅಗಳಿ ಹಾಕೀನಿ. ಅಡುಗೆಯಾಕಿ ಮತ್ತ ಫೋನ್ ಮಾಡಿದ್ಲು, ಹುಷಾರಿರ್ರಿ ಅಂತ ಹೇಳಾಕ.’

ಏಳೂವರೆಗೆ ಮನೆ. ಕೈಕಾಲು ತೊಳೆದು, ದೀಪ ಹಚ್ಚಿ, ಫೋನ್ ಹಿಡಿದು ಕೂತೆ. ಮೊದಲು ಅಥಣಿ, ಆಮೇಲೆ ಶೇಡಬಾಳ, ಕೊನೆಗೆ ರಾಯಬಾಗ. ಮೂವರಿಗೂ ಏನೂ ಬಿಡದೆ ಹೇಳಿದೆ. ಅಥಣಿಯವರು ಸೋಮವಾರ ರಜೆ ಹಾಕಿ ಆ ಊರಿನ ಹೊರಗೆ ಚಹದಂಗಡಿಯಲ್ಲಿ ಕೂತಿರುತ್ತೇನೆ ಎಂದರು. “ನಾ ಬಂದೇನಿ ಅಂತ ಅಕೀಗೆ ಹೇಳಬ್ಯಾಡ್ರಿ.” ಶೇಡಬಾಳದ ಸರ್ ಒಂದೇ ಪ್ರಶ್ನೆ ಕೇಳಿದರು: ಮಗು ಮುಖ ತೋರಿಸಿತೇ? ಇಲ್ಲ ಎಂದೆ. ರಾಯಬಾಗದವರು ಎಲ್ಲ ಕೇಳಿಸಿಕೊಂಡರು.

“ನನ್ನ ಹಾಳಿ ನನಗ ಕಳಿಸಿಬಿಡ್ರಿ ಅಕ್ಕೋರ,” ಎಂದರು.

“ಇವತ್ತ ತಯಾರ ಮಾಡ್ತೇನಿ.”

ಮೇಜಿನ ಮೇಲೆ ವಹಿ ಬೋರಲು ಹಾಕಿ ಹಿಂಬದಿಯ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದೆ. ಮೊದಲನೆಯ ಹಾಳೆಗೆ ಕೈ ಬರಲಿಲ್ಲ, ಆಮೇಲೆ ಬಂತು. ಎರಡು ವರ್ಷದ ಮಾತು ನಾಲ್ಕು ಗುಂಪಾಯಿತು. ನಾಲ್ಕು ದಪ್ಪ ಪಾಕೀಟು ತೆಗೆದುಕೊಂಡೆ. ನಿಪ್ಪಾಣಿಯವಳದು ಎಲ್ಲಕ್ಕಿಂತ ತೆಳ್ಳಗೆ, ಅದರಲ್ಲಿ ಒಂದು ಹಾಳೆ ಕಡಿಮೆ. ನಡುವೆ ಎರಡು ಸಲ ಫೋನ್ ನೋಡಿದೆ, ಏನೂ ಬಂದಿರಲಿಲ್ಲ. ಅಂಟು ಹಚ್ಚಿ, ಅಂಚು ಒತ್ತಿ, ವಿಳಾಸ ಬರೆದೆ. ರಾಯಬಾಗದ್ದು ಕೊನೆಯದಾಗಿ ಮುಗಿದಾಗ ಎಂಟೂಮುಕ್ಕಾಲು.